ಬಿಟ್ಟ ಗೋಲಿನ ಪುಸ್ತಕ

ಚುನಾವಣೆ ಡ್ಯೂಟಿಗೆ ಯಾವ ಊರು ಬೀಳುತ್ತದೆ ಎಂಬುದು ಕೊನೆ ಗಳಿಗೆಯವರೆಗೂ ನಮಗೆ ತಿಳಿಯುವುದಿಲ್ಲ. ಹಿರಿಯೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನನಗೆ ಇದುವರೆಗೆ ಚಳ್ಳಕೆರೆ ಬಿದ್ದಿದೆ, ಹೊಸದುರ್ಗ ಎರಡು ಸಲ ಬಿದ್ದಿದೆ. ಈ ಸಲ ಹೊಳಲ್ಕೆರೆ ಕಡೆ ಎಂದರು. ಮತಯಂತ್ರದ ಪೆಟ್ಟಿಗೆಗಳನ್ನು ಎಣಿಸಿಕೊಂಡು ಬಸ್ಸು ಹತ್ತಿ ಕೂತ ಮೇಲೆ ಚೀಟಿ ಬಿಡಿಸಿ ಊರಿನ ಹೆಸರು ನೋಡಿದೆ. ನಾನು ಹತ್ತನೇ ತರಗತಿಯವರೆಗೆ ಓದಿದ ಹೈಸ್ಕೂಲೇ ನಮ್ಮ ಮತಗಟ್ಟೆ. ಅಪ್ಪ, ಅಮ್ಮ ಆ ಊರು ಬಿಟ್ಟು ನನ್ನ ಜೊತೆ ಹಿರಿಯೂರಿಗೆ ಬಂದು ಬಹಳ ಕಾಲವಾಗಿತ್ತು. ನಾನಂತೂ ಹದಿನೆಂಟು ವರ್ಷದಿಂದ ಆ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಬೇಕೆಂದೇ ಹಾಕಿರಲಿಲ್ಲ. ಡ್ಯೂಟಿ ಬದಲಾಯಿಸಿಕೊಡಿ ಎಂದು ಸಾಹೇಬರನ್ನು ಕೇಳಬಹುದಿತ್ತು. ಆದರೆ ಏನು ಕಾರಣ ಹೇಳುವುದು? ಹದಿನಾರನೇ ವಯಸ್ಸಿನಲ್ಲಿ ಇಲ್ಲಿ ಒಂದು ಗೋಲು ಬಿಟ್ಟಿದ್ದೆ ಸಾರ್, ಅದಕ್ಕೆ ಬರಲಾರೆ ಎನ್ನಲಾದೀತೇ?

ಶಾಲೆ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಮತದಾನ ಮಾರನೆಯ ದಿನ. ಮತಗಟ್ಟೆಯ ಸುತ್ತಮುತ್ತ ಯಾವುದಾದರೂ ಪಕ್ಷದ ಗುರುತೋ ನಾಯಕರ ಪಟವೋ ಇದ್ದರೆ ಪೇಪರು ಅಂಟಿಸಿ ಮುಚ್ಚಬೇಕು ಎಂಬುದು ನಿಯಮ. ನಮ್ಮ ತಂಡದಲ್ಲಿದ್ದ ಪ್ರಾಥಮಿಕ ಶಾಲೆಯ ಟೀಚರು ಲಲಿತಮ್ಮ ಅಂಟಿನ ಡಬ್ಬಿ ಹಿಡಿದು ವರಾಂಡ ಸುತ್ತಲು ಹೋದವರು ಆ ತುದಿಯಿಂದಲೇ ಕರೆದರು.

"ಸಾರ್, ಬರ್ರಿ ಇಲ್ಲಿ. ಗೋಡೆ ಮೇಲೆ ನಿಮ್ಮ ಹೆಸರು ಐತೆ. ನೀವೇ ಏನ್ರಿ ಇದು?"

ಆಟದ ಸಾಮಾನು ಇಡುವ ಕೋಣೆಯ ಪಕ್ಕದ ಗೋಡೆ. ನಾವಿದ್ದಾಗ ಅಲ್ಲಿ ಬರಿಯ ಸುಣ್ಣವಿತ್ತು. ಈಗ ನೀಲಿ ಬಣ್ಣದ ಚೌಕಟ್ಟಿನೊಳಗೆ, 'ನಮ್ಮ ಫುಟ್‌ಬಾಲ್ ತಂಡ: ಅತಿ ಕಡಿಮೆ ಗೋಲು ಬಿಟ್ಟ ವರ್ಷಗಳು' ಎಂದು ಬರೆಸಿದ್ದಾರೆ. ಮೊದಲನೆಯ ಸಾಲೇ ನಮ್ಮದು. ಆಡಿದ ಪಂದ್ಯ ಹನ್ನೊಂದು. ಬಿಟ್ಟ ಗೋಲು ಒಂದು. ಗೋಲ್‌ಕೀಪರ್ ಮೈಲಾರಿ. ಅದರ ಮುಂದಿನ ಮನೆಯಲ್ಲಿ, 'ಯಾರದು' ಎಂಬ ತಲೆಬರಹದ ಕೆಳಗೆ, ರುದ್ರೇಶ.

"ಅಂದ್ರೆ ನೀವು ಹೊಡೆದ ಗೋಲಾ ಸಾರ್?"

"ಅಲ್ಲ ಟೀಚರ್. ಬಿಟ್ಟಿದ್ದು."

"ಅಯ್ಯೋ, ಬಿಟ್ಟಿದ್ದನ್ನೂ ಬರಸ್ತಾರಾ? ಮುಚ್ಚಾಣೇನ್ರಿ ಇದನ್ನ?" ಎಂದು ಪಾಪ, ಆಕೆ ಅಂಟಿನ ಕುಂಚ ಎತ್ತಿಯೇಬಿಟ್ಟರು.

"ಬ್ಯಾಡ ಬಿಡ್ರಿ. ಇದು ಯಾವ ಪಕ್ಷದ ಗುರುತೂ ಅಲ್ಲ" ಎಂದೆ. ಪುಸ್ತಕದಲ್ಲಿ ಬರೆದದ್ದು ಗೊತ್ತಿತ್ತು. ಗೋಡೆಗೂ ಏರಿದ್ದು ಗೊತ್ತಿರಲಿಲ್ಲ.

ಪುಸ್ತಕ ಎಂದದ್ದು ಏನು ಎಂದು ಹೇಳಬೇಕು. ನಮ್ಮ ಪಿ.ಟಿ. ಮೇಷ್ಟ್ರು ಗುರುಶಾಂತಪ್ಪನವರ ಬಳಿ ಕೆಂಪು ಬಟ್ಟೆಯ ರಟ್ಟು ಹಾಕಿಸಿದ ಒಂದು ಉದ್ದ ಪುಸ್ತಕವಿತ್ತು. ಬೇರೆ ಶಾಲೆಗಳವರು ತಾವು ಹೊಡೆದ ಗೋಲು ಬರೆದಿಡುತ್ತಾರೆ. ನಮ್ಮ ಮೇಷ್ಟ್ರು ಬರೆಯುತ್ತಿದ್ದುದು ಬಿಟ್ಟ ಗೋಲು ಮಾತ್ರ. ಯಾವ ಪಂದ್ಯ, ಯಾರ ಎದುರು, ಎಷ್ಟನೇ ನಿಮಿಷ, ಕೊನೆಯ ಮನೆಯಲ್ಲಿ ಯಾರದು. ಅಂದರೆ ಯಾರ ತಪ್ಪಿನಿಂದ ಗೋಲಾಯಿತು ಎಂದು. ಪಂದ್ಯ ಮುಗಿದ ಕೂಡಲೇ ಎಲ್ಲರೂ ಸುತ್ತ ಕೂರಬೇಕು. ಮೇಷ್ಟ್ರು ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆದು, ಯಾರ ಮುಖವನ್ನೂ ನೋಡದೆ, "ಯಾರದು?" ಎನ್ನುವರು. ತಪ್ಪು ಮಾಡಿದವನು ತಾನೇ ಎದ್ದು, "ನಂದು ಸಾರ್" ಎನ್ನಬೇಕು. ಇನ್ನೊಬ್ಬನ ಹೆಸರು ಹೇಳುವಂತಿಲ್ಲ. ಇದು ಕಟ್ಟುನಿಟ್ಟು. ಒಮ್ಮೊಮ್ಮೆ ಒಂದೇ ಗೋಲಿಗೆ ಇಬ್ಬರು ಮೂವರು ಎದ್ದು "ನಂದು" ಎಂದು ಜಗಳವಾಡಿದ್ದೂ ಉಂಟು. ಹಳೆಯ ವಿದ್ಯಾರ್ಥಿಯೊಬ್ಬ ಮದುವೆಯ ಕಾಗದ ಕೊಡಲು ಬಂದವನು, ನೀವು ಬೇರೆ ಉಡುಗೊರೆ ತರಬೇಡಿ ಸಾರ್, ಆ ಪುಸ್ತಕದಲ್ಲಿ ನನ್ನ ಹೆಸರೊಂದು ಹೊಡೆದುಹಾಕಿ ಸಾಕು ಎಂದು ಅಂಗಲಾಚಿದ್ದನ್ನು ನಾವೇ ನೋಡಿದ್ದೆವು. ಮೇಷ್ಟ್ರು ನಕ್ಕು, "ಲೇ, ಹೆಂಡ್ತಿ ಬರ್ತಾಳೆ, ಮಕ್ಳಾಗ್ತಾವೆ, ಅದು ಮಾತ್ರ ಅಲ್ಲೇ ಇರ್ತೈತೆ" ಎಂದರು. ಮದುವೆಗೆ ಸ್ಟೀಲಿನ ಕೊಡ ತೆಗೆದುಕೊಂಡು ಹೋದರು.

ಗೋಲು ಬಿಡದಿರುವುದರ ಮೇಲೆ ಅವರಿಗೆ ಅಷ್ಟು ಮೋಹ ಬರಲು ಕಾರಣ ನಮ್ಮ ಮೈದಾನ. ಊರ ಹೊರಗಿನ ದಿಬ್ಬದ ಮೇಲೆ, ಒಂದು ಮರವಿಲ್ಲದ ಕೆಂಪು ನೆಲ. ಜೂನ್ ಬಂತೆಂದರೆ ಶುರುವಾದ ಗಾಳಿ ಗಣಪತಿ ಹಬ್ಬದವರೆಗೂ ನಿಲ್ಲುತ್ತಿರಲಿಲ್ಲ. ಎದುರಿನ ಗುಡ್ಡದ ಮೇಲೆ ಕರೆಂಟಿನ ಕಂಪನಿಯವರು ಫ್ಯಾನು ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಗಾಳಿಗೆದುರಾಗಿ ಒದ್ದ ಚೆಂಡು ಅರ್ಧ ದೂರ ಹೋಗಿ ಒದ್ದವನ ಕಡೆಗೇ ಬರುತ್ತಿತ್ತು. ಅಂಥ ಜಾಗದಲ್ಲಿ ಕಲಿತ ನಮಗೆ ಗೋಲು ಹೊಡೆಯುವುದು ಒಲಿಯಲಿಲ್ಲ. "ಹೊಡಿಯೋದು ಗಾಳಿಗೆ ಬಿಟ್ಟಿದ್ದು ಕಣ್ರೋ. ಬಿಡದಿರೋದು ನಮಗೆ ಬಿಟ್ಟಿದ್ದು" ಎಂದು ಮೇಷ್ಟ್ರು ಬ್ಯಾಕ್ ಆಡುವ ನಾಲ್ವರನ್ನೂ ಗೋಲ್‌ಕೀಪರನ್ನೂ ಮಾತ್ರ ಬೆಳಿಗ್ಗೆ ಆರಕ್ಕೇ ಕರೆಸುತ್ತಿದ್ದರು. ಗೋಲು ಹೊಡೆಯುವವರು ಎಂಟಕ್ಕೆ ಬಂದರೂ ನಡೆಯುತ್ತಿತ್ತು.

ಮೈಲಾರಿ ಕುರಿಗಾರರ ಮಗ. ನಮ್ಮೂರಿನಿಂದ ಮೂರು ಮೈಲಿ ಆಚೆ ಅವರ ಹಟ್ಟಿ. ಸುಗ್ಗಿ ಮುಗಿದ ಮೇಲೆ ಅವರಪ್ಪ ಕುರಿಮಂದೆ ಹೊಡೆದುಕೊಂಡು ಭದ್ರಾ ನಾಲೆಯ ಕಡೆ ಹೋದರೆ ಬರುವುದು ಮಳೆಗಾಲಕ್ಕೇ. ಒಂಬತ್ತನೇ ತರಗತಿಗೆ ನಮ್ಮ ಶಾಲೆಗೆ ಸೇರಿದ ಅವನು ರಜಾ ದಿನ ಮೈದಾನದ ಪಕ್ಕ ಕುರಿ ಮೇಯಿಸುತ್ತಿದ್ದ. ಒಂದು ಭಾನುವಾರ ಎಂಬತ್ತು ಕುರಿ ಪಕ್ಕದ ಶೇಂಗಾ ಹೊಲಕ್ಕೆ ನುಗ್ಗಲು ಹವಣಿಸಿದಾಗ ಕೈಯಲ್ಲಿ ಕೋಲೂ ಇಲ್ಲದೆ, ಬರೀ ಬಾಯಿಂದ ಮೂರು ಬಗೆಯ ಸದ್ದು ಮಾಡಿ ಅಷ್ಟನ್ನೂ ಬದುವಿನ ಮೇಲೇ ನಿಲ್ಲಿಸಿದ. ಮೇಷ್ಟ್ರು ಅದನ್ನು ನೋಡಿ, "ಎಂಬತ್ತು ಕುರಿ ತಡಿಯೋನಿಗೆ ಒಂದು ಚೆಂಡು ಯಾವ ಲೆಕ್ಕ ಬಾರ್ಲೇ" ಎಂದು ಗೋಲಿನ ನಡುವೆ ನಿಲ್ಲಿಸಿದರು.

ಅವನು ಚೆಂಡು ಹಿಡಿಯುವುದರಲ್ಲಿ ಅಂಥ ಜಾಣನೇನಲ್ಲ. ಆದರೆ ಹಿಂದೆ ನಿಂತು ನಮ್ಮನ್ನು ಮೇಯಿಸುತ್ತಿದ್ದ. ಅದೇ ಸರಿಯಾದ ಮಾತು. ತುಟಿ ಅದುರಿಸಿ 'ಬುರ್ರ್' ಎಂದರೆ ನಾಲ್ವರೂ ಒತ್ತಾಗಬೇಕು. 'ಹಚಾ' ಎಂದರೆ ಮುಂದಕ್ಕೆ ನುಗ್ಗಬೇಕು. ಎಳೆದು 'ಹೋಯ್' ಎಂದರೆ ಚೆಂಡು ಮುಟ್ಟದೆ ಬದಿಗೆ ಸರಿಯಬೇಕು, ಅವನು ಮುಂದೆ ಬಂದು ಹಿಡಿಯುತ್ತಾನೆ. ಕುರಿಗೆ ಕಲಿಸಿದ್ದನ್ನೇ ನಮಗೂ ಕಲಿಸಿದ. ನಾವೂ ನಾಚಿಕೆ ಇಲ್ಲದೆ ಕಲಿತೆವು. ಮೇಷ್ಟ್ರು ಇದಕ್ಕೆ ತಮ್ಮದೊಂದು ನಿಯಮ ಸೇರಿಸಿದರು. ಬ್ಯಾಕ್ ಆಡುವವನು ಹಿಂದೆ ತಿರುಗಿ ನೋಡಕೂಡದು. ತಿರುಗಿದರೆ ಆ ಗಳಿಗೆಯಲ್ಲಿ ಎದುರಿನವನು ತಪ್ಪಿಸಿಕೊಳ್ಳುತ್ತಾನೆ. ಹಿಂದಿನದ್ದೆಲ್ಲಾ ಕಿವಿಗೆ ಬಿಡಬೇಕು, ಕಣ್ಣು ಮುಂದಿರಬೇಕು. ಅಭ್ಯಾಸದಲ್ಲಿ ಕುತ್ತಿಗೆ ತಿರುಗಿಸಿದವನಿಗೆ ಮೈದಾನ ಒಂದು ಸುತ್ತು. ಬಲಗಡೆ ಆಡುತ್ತಿದ್ದ ಸಾದಿಕ್ ದಿನಕ್ಕೆ ಹತ್ತು ಸುತ್ತು ಓಡುತ್ತಿದ್ದ. ನಾನು ನಡುವೆ ಆಡುವವನು, ಆ ಇಡೀ ವರ್ಷದಲ್ಲಿ ಒಂದು ಸುತ್ತೂ ಓಡಲಿಲ್ಲ. ನನಗೆ ಅದರ ಬಗ್ಗೆ ಬಹಳ ಹೆಮ್ಮೆಯಿತ್ತು. ಮೈಲಾರಿ ಕೂಗಿದರೆ ಬಾವಿಗೆ ಬೇಕಾದರೂ ಬೀಳುತ್ತಾನೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಬಿದ್ದರೇನು, ಎತ್ತಲು ಅವನಿದ್ದಾನಲ್ಲ ಎಂದುಕೊಳ್ಳುತ್ತಿದ್ದೆ.

ಹಟ್ಟಿಯಿಂದ ಬೆಳಿಗ್ಗೆ ಆರಕ್ಕೆ ಬರುವುದು ಕಷ್ಟವೆಂದು ಅವನು ವಾರದಲ್ಲಿ ನಾಲ್ಕು ದಿನ ನಮ್ಮ ಮನೆಯಲ್ಲೇ ಇರುತ್ತಿದ್ದ. ಅಪ್ಪ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಟೈಲರ್. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಒಳಗೆ ಹತ್ತಿ ತುಂಬಿ ಮೈಲಾರಿಗೆ ಮೊಣಕಾಲಿನ ಪಟ್ಟಿ ಹೊಲಿದುಕೊಟ್ಟಿದ್ದರು. ಅಮ್ಮ ನನಗಿಂತ ಅವನಿಗೇ ದೊಡ್ಡ ಮುದ್ದೆ ಹಾಕುತ್ತಿದ್ದಳು. ನಾನು ಕೇಳಿದರೆ, "ಅವ್ನು ಚೆಂಡಿಗೆ ಎದೆ ಕೊಡ್ತಾನೆ, ನೀನು ಓಡಾಡಿಕೊಂಡು ಬರ್ತೀಯ" ಎನ್ನುವಳು.

ಹತ್ತನೇ ತರಗತಿಯ ಆ ಮಳೆಗಾಲದಲ್ಲಿ ನಾವು ಗೋಲು ಬಿಡುವುದನ್ನೇ ಮರೆತೆವು. ಮೊದಲ ಎರಡು ಪಂದ್ಯ ಅಕ್ಕಪಕ್ಕದ ಊರಿನ ಶಾಲೆಗಳ ಮೇಲೆ. ಆಮೇಲೆ ಸಿರಿಗೆರೆಯಲ್ಲಿ ಒಂದು, ಹೊಸದುರ್ಗದವರು ಇಲ್ಲಿಗೇ ಬಂದು ಆಡಿದ್ದೊಂದು. ಹೊಳಲ್ಕೆರೆಯಲ್ಲಿ ತಾಲ್ಲೂಕು ಮಟ್ಟದ ಮೂರೂ ಪಂದ್ಯದಲ್ಲಿ ಎದುರಿನವರಿಗೆ ಸೊನ್ನೆ. ನಾವು ಹೊಡೆದದ್ದೂ ಹೆಚ್ಚೇನಿಲ್ಲ, ಒಂದು ಸಲ ಟಾಸ್ ಹಾಕಿ ಗೆದ್ದೆವು. ಆದರೆ ಕೆಂಪು ಪುಸ್ತಕದಲ್ಲಿ ಆ ವರ್ಷದ ಹಾಳೆ ಖಾಲಿ ಉಳಿದಿತ್ತು. ಮೇಷ್ಟ್ರು ಪಂದ್ಯ ಮುಗಿದ ಮೇಲೆ ಅಭ್ಯಾಸಬಲದಿಂದ ಪುಸ್ತಕ ತೆರೆಯುವರು, ಪೆನ್ನು ತೆಗೆಯುವರು, ಮತ್ತೆ ಮುಚ್ಚುವರು. ಆಗ ಅವರ ಮುಖ ನೋಡಬೇಕಿತ್ತು. ಬಸ್ಸಿನಲ್ಲಿ ಕಂಡಕ್ಟರನಿಗೂ ಆ ಹಾಳೆ ತೋರಿಸುತ್ತಿದ್ದರು. ಅವನು ಖಾಲಿ ಹಾಳೆಯಲ್ಲಿ ಏನು ನೋಡಬೇಕೋ ತಿಳಿಯದೆ ತಲೆಯಾಡಿಸುತ್ತಿದ್ದ.

ಚಿತ್ರದುರ್ಗದ ಜಿಲ್ಲಾ ಪಂದ್ಯಗಳಿಗೆ ಹೊರಡುವ ಮುನ್ನ ಅವರು ನಮ್ಮಿಬ್ಬರನ್ನು ಕೋಣೆಗೆ ಕರೆದರು. ಅಲ್ಲಿಗೆ ಕ್ರೀಡಾ ಹಾಸ್ಟೆಲಿಗೆ ಹುಡುಗರನ್ನು ಆರಿಸುವವರು ಬರುತ್ತಾರೆ, ಒಂದು ಶಾಲೆಯಿಂದ ಒಬ್ಬನಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ, ನಮ್ಮಲ್ಲಿ ಆದರೆ ನೀನು, ಇಲ್ಲವೇ ಇವನು ಎಂದರು. ಹಾಸ್ಟೆಲು ಸಿಕ್ಕರೆ ಊಟ, ಬಟ್ಟೆ, ಕಾಲೇಜು, ಕಲಿಸಲು ಕೋಚ್, ಎಲ್ಲವೂ ಅಲ್ಲೇ. ಸಿಗದಿದ್ದರೆ ನನಗೆ ಅಪ್ಪನ ಹೊಲಿಗೆ ಮೆಷಿನ್ನು, ಅವನಿಗೆ ಕುರಿಮಂದೆ. ನನಗೆ ಆ ಹಾಸ್ಟೆಲು ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ ಅದರ ಬಗ್ಗೆ ಯಾರ ಹತ್ತಿರವೂ ಮಾತಾಡಲು ಹೆದರುತ್ತಿದ್ದೆ. ಮನೆಗೆ ಬರುವ ದಾರಿಯಲ್ಲಿ ಮೈಲಾರಿಯೇ ಮಾತು ತೆಗೆದ.

"ನಿಂಗೆ ಸಿಕ್ರೂ ಒಂದೇ, ನಂಗೆ ಸಿಕ್ರೂ ಒಂದೇ ಅಲ್ವೇನ್ಲೇ?"

"ಹೂಂ ಮತ್ತೆ. ಯಾರು ಹೋದ್ರೂ ರಜಕ್ಕೆ ಬರ್ತೀವಲ್ಲ" ಎಂದೆ. ಹೇಳುವಾಗ ನಾನು ಅದನ್ನು ನಿಜವಾಗಿಯೂ ನಂಬಿದ್ದೆ.

ದುರ್ಗದಲ್ಲಿ ನಮಗೆ ಕೋಟೆಯ ಬುಡದ ಒಂದು ಶಾಲೆಯ ಹಾಲಿನಲ್ಲಿ ಇಳಿದುಕೊಳ್ಳುವ ವ್ಯವಸ್ಥೆ. ನಾಲ್ಕು ಶಾಲೆಗಳ ಗುಂಪು, ದಿನಕ್ಕೊಂದರಂತೆ ಮೂರು ಪಂದ್ಯ. ಗುಂಪಿನ ಮೊದಲ ಎರಡು ತಂಡ ಮುಂದಕ್ಕೆ. ಮೊದಲ ಎರಡೂ ಪಂದ್ಯ ನಾವು ಒಂದೊಂದು ಗೋಲು ಹೊಡೆದು ಗೆದ್ದುಬಿಟ್ಟೆವು. ಅಲ್ಲಿಗೆ ನಾವು ಮುಂದಕ್ಕೆ ಹೋದ ಹಾಗೇ ಆಯಿತು. ಎರಡನೇ ದಿನ ಮಧ್ಯಾಹ್ನ ಮೈಲಾರಿಯೂ ನಾನೂ ಕೋಟೆ ಹತ್ತಿದೆವು. ಮೇಲೆ ಗಾಳಿ ಎಷ್ಟಿತ್ತೆಂದರೆ ಪಕ್ಕದಲ್ಲಿ ನಿಂತವನ ಮಾತೂ ಕೇಳಿಸುತ್ತಿರಲಿಲ್ಲ. ಇಳಿದು ಬಂದು ಮಂಡಕ್ಕಿ, ಮೆಣಸಿನಕಾಯಿ ಒಂದೇ ಪೇಪರಿನಲ್ಲಿ ಹಾಕಿಸಿಕೊಂಡು ತಿಂದೆವು. ಅವನಿಗೆ ಯಾಕೋ ಆ ದಿನ ಮಾತು ಕಡಿಮೆ. ಆಯ್ಕೆಯ ಭಯ ಇರಬೇಕು ಎಂದುಕೊಂಡೆ, ನನಗೂ ಇತ್ತಲ್ಲ.

ಮೂರನೆಯ ಪಂದ್ಯ ಪಟ್ಟಣದ ಒಂದು ದೊಡ್ಡ ಶಾಲೆಯ ಮೇಲೆ. ಅವರು ಮುಂದಕ್ಕೆ ಹೋಗಲು ಸಮ ಮಾಡಿಕೊಂಡರೂ ಸಾಕಿತ್ತು. ಸೋತರೆ ಮನೆಗೆ. ಆಯ್ಕೆಯವರು ಮೂವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲರ್ಧದಲ್ಲೇ ನಮ್ಮ ಕಡೆಯ ಒಂದು ಒದೆತ ಗಾಳಿಗೆ ಸಿಕ್ಕಿ ಅವರ ಗೋಲಿನೊಳಗೆ ಹೋಯಿತು. ಆಮೇಲೆ ಬರೀ ತಡೆಯುವ ಕೆಲಸ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಬೇರೇನನ್ನೂ ನಾನು ಮಾಡಿಲ್ಲ. ತಲೆಗೆ ಬಂದದ್ದು ತಲೆಗೆ, ಕಾಲಿಗೆ ಬಂದದ್ದು ಕಾಲಿಗೆ. ಕುರ್ಚಿಯಲ್ಲಿ ಕೂತಿದ್ದವರಲ್ಲಿ ಒಬ್ಬರು ನನ್ನ ಅಂಗಿಯ ನಂಬರು ನೋಡಿ ಏನೋ ಬರೆದುಕೊಂಡದ್ದನ್ನು ಕಣ್ಣಂಚಿನಲ್ಲಿ ಕಂಡೆ.

ಮುಗಿಯಲು ಇನ್ನು ನಾಲ್ಕೈದು ನಿಮಿಷ. ಅವರ ಹಿಂದಿನಿಂದ ಎತ್ತರಕ್ಕೆ ಒಂದು ಚೆಂಡು ಬಂತು. ನೇರ ನನ್ನ ತಲೆಗೆ. ಅವರ ಒಬ್ಬ ಹುಡುಗ ನನ್ನ ಬೆನ್ನ ಹಿಂದೆ ಉಸಿರುಬಿಡುತ್ತಾ ನಿಂತಿದ್ದ. ನಾನು ನೆಗೆಯಲು ಮೊಣಕಾಲು ಬಗ್ಗಿಸಿದೆ. ಆಗ ಹಿಂದಿನಿಂದ ಕೇಳಿತು. 'ಹೋಯ್.' ಎಳೆದು, ಸ್ಪಷ್ಟವಾಗಿ, ಬದುವಿನ ಮೇಲೆ ಕುರಿ ನಿಲ್ಲಿಸುವ ಅದೇ ದನಿ.

ನಾನು ಬದಿಗೆ ಸರಿದೆ. ಚೆಂಡು ನೆಲಕ್ಕೆ ಬಿದ್ದು ಪುಟಿಯಿತು. ಬೆನ್ನ ಹಿಂದಿದ್ದ ಹುಡುಗ ಅದನ್ನು ಸುಮ್ಮನೆ ಕಾಲಲ್ಲಿ ತಳ್ಳಿದ. ಕೂಗೆದ್ದ ಮೇಲೆ, ಆ ವರ್ಷದಲ್ಲಿ ಮೊದಲ ಸಲ, ಹಿಂದೆ ತಿರುಗಿ ನೋಡಿದೆ. ಮೈಲಾರಿ ಗೋಲಿನ ಗೆರೆಯ ಮೇಲೇ ನಿಂತಿದ್ದ. ಒಂದು ಹೆಜ್ಜೆಯೂ ಮುಂದೆ ಬಂದಿರಲಿಲ್ಲ.

ಪಂದ್ಯ ಒಂದು ಒಂದಕ್ಕೆ ಸಮವಾಗಿ ಮುಗಿಯಿತು. ಸುತ್ತ ಕೂತೆವು. ಮೇಷ್ಟ್ರು ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, "ಯಾರದು?" ಎಂದರು. ನಾನು ಮೈಲಾರಿ ಏಳುತ್ತಾನೆ ಎಂದು ಕಾದೆ. ಗಾಳಿಗೆ ಚೆಂಡು ಸರಿಯಾಗಿ ಅಂದಾಜು ಸಿಗಲಿಲ್ಲ, ಕೂಗಿಬಿಟ್ಟೆ, ಬರಲಾಗಲಿಲ್ಲ, ನಂದು ಸಾರ್ ಎಂದಿದ್ದರೆ ಮುಗಿದಿತ್ತು. ನಾನೇ ಅವನ ಹೆಗಲ ಮೇಲೆ ಕೈ ಹಾಕುತ್ತಿದ್ದೆ. ಅವನು ಮೊಣಕಾಲಿನ ಪಟ್ಟಿ ಬಿಚ್ಚುತ್ತಾ ಕೂತಿದ್ದ. ಮೇಷ್ಟ್ರು ಎರಡನೇ ಸಲ ಕೇಳಿದರು. ಆಗ ನಾನು ಮಾಡಬಾರದ್ದನ್ನು ಮಾಡಿದೆ.

"ಮೈಲಾರಿ ಕೂಗಿದ ಸಾರ್. ಅದಕ್ಕೆ ಬಿಟ್ಟೆ."

ಮೈಲಾರಿ ತಲೆ ಎತ್ತದೆ, "ನಾನು ಕೂಗ್ಲಿಲ್ಲ ಸಾರ್" ಎಂದ.

ನಾನು ಸಾದಿಕ್‌ನ ಕಡೆ ನೋಡಿದೆ. ಅವನು ಹತ್ತು ಹೆಜ್ಜೆ ದೂರದಲ್ಲಿದ್ದ. "ಗಾಳಿ ಇತ್ತು ಕಣಪ್ಪ, ನಂಗೆ ಸರಿಯಾಗಿ ಕೇಳಿಸ್ಲಿಲ್ಲ" ಎಂದು ಅವನು ಹುಲ್ಲು ಕೀಳತೊಡಗಿದ.

ಮೇಷ್ಟ್ರು ಪೆನ್ನು ಹಿಡಿದವರು ನನ್ನನ್ನೇ ದಿಟ್ಟಿಸಿದರು. "ಗೋಲು ಬಿಟ್ಟಿದ್ದೂ ಅಲ್ದೆ ಇನ್ನೊಬ್ಬನ ಮೇಲೆ ಹಾಕ್ತೀಯಲ್ಲೋ. ಇಷ್ಟು ವರ್ಷದಲ್ಲಿ ಈ ಪುಸ್ತಕದ ಮುಂದೆ ಯಾರೂ ಹಿಂಗೆ ಮಾಡಿರ್ಲಿಲ್ಲ" ಎಂದು ಹೇಳಿ ಬರೆದರು. ನನ್ನ ಹೆಸರಿನ ಒಂದೊಂದು ಅಕ್ಷರವೂ ಕಾಣುತ್ತಿತ್ತು.

ಆಮೇಲಿನ ಎರಡು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಗೋಲು ಬಿಟ್ಟದ್ದನ್ನು ಹುಡುಗರು ಕ್ಷಮಿಸುತ್ತಿದ್ದರೋ ಏನೋ, ಚಾಡಿ ಹೇಳಿದ್ದನ್ನು ಕ್ಷಮಿಸಲಿಲ್ಲ. ಕೊನೆಯ ಪಂದ್ಯಕ್ಕೆ ನನ್ನನ್ನು ಹೊರಗೆ ಕೂರಿಸಿದರು. ಬೇರೆ ಹುಡುಗ ನನ್ನ ಜಾಗದಲ್ಲಿ ಆಡಿದ. ಅಲ್ಲಿಯೂ ಗೋಲಾಗಲಿಲ್ಲ, ಟಾಸಿನಲ್ಲಿ ಸೋತು ಬಂದೆವು. ಹದಿನೈದು ದಿನಕ್ಕೆ ಕಾಗದ ಬಂತು, ಮೈಲಾರಿಗೆ ಹಾಸ್ಟೆಲು ಸಿಕ್ಕಿತು. ಪರೀಕ್ಷೆ ಮುಗಿಸಿ ಅವನು ಹೋಗುವಾಗ ನಮ್ಮ ಮನೆಗೆ ಹೇಳಲು ಬರಲಿಲ್ಲ. ಅಮ್ಮ ಮಾತ್ರ ಆ ಹುಡುಗ ಯಾಕೆ ಬರಲಿಲ್ಲ ಎಂದು ಒಂದು ವಾರ ಕೇಳುತ್ತಿದ್ದಳು.

ಇದರಲ್ಲೆಲ್ಲಾ ನನಗೆ ಹೆಚ್ಚು ಪೆಟ್ಟು ಬಿದ್ದದ್ದು ಎಲ್ಲಿ ಎಂದರೆ, ನನ್ನ ಕಿವಿಯನ್ನೇ ನಾನು ನಂಬದಂತಾದೆ. ಎಲ್ಲರೂ ಕೇಳಲಿಲ್ಲ ಎನ್ನುವಾಗ ನಾನೊಬ್ಬನೇ ಕೇಳಿದ್ದು ಹೇಗೆ? ಗಾಳಿಯ ಸದ್ದೇ ಇರಬಹುದು, ಹೊರಗೆ ಯಾರೋ ಕೂಗಿರಬಹುದು. ಅಮ್ಮನಿಗೆ ವಿಷಯ ಅರ್ಧ ತಿಳಿದು, ಮಗನಿಗೆ ಕಿವಿಯ ದೋಷ ಎಂದುಕೊಂಡು ಒಂದು ತಿಂಗಳು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು. ನಾನು ತಲೆ ಓರೆ ಮಾಡಿ ಬಿಡಿಸಿಕೊಂಡೆ. ಆಮೇಲೆ ಪಿಯುಸಿ, ಟೈಪಿಂಗು, ಪರೀಕ್ಷೆ, ನೌಕರಿ. ಬದುಕೇನೂ ಹಾಳಾಗಲಿಲ್ಲ, ಸುಳ್ಳು ಹೇಳಬಾರದು. ಆದರೆ ಇವತ್ತಿಗೂ ಕಚೇರಿಯಲ್ಲಿ ಸಾಹೇಬರು ಏನಾದರೂ ಹೇಳಿದರೆ, "ಏನಂದ್ರಿ ಸಾರ್?" ಎಂದು ಇನ್ನೊಮ್ಮೆ ಕೇಳಿಯೇ ಮುಂದಿನ ಕೆಲಸ. ನನ್ನ ಹೆಂಡತಿಗೆ ಈ ಚಾಳಿ ಕಂಡರೆ ತಲೆನೋವು.

ಲಲಿತಮ್ಮ ಟೀಚರು ಬೇರೆ ಗೋಡೆಗೆ ಹೋದ ಮೇಲೂ ನಾನು ಆ ಬೋರ್ಡಿನ ಮುಂದೆ ನಿಂತೇ ಇದ್ದೆ. ಗೇಟಿನ ಕಡೆಯಿಂದ ಸ್ಕೂಟರು ಬಂತು. ಶಾಲೆಯವರೊಬ್ಬರು ಬೀಗದಕೈ ತಂದುಕೊಡುತ್ತಾರೆ ಎಂದು ಹೇಳಿದ್ದರು. ಬಂದವನು ಮೈಲಾರಿ. ಹೊಟ್ಟೆ ಬಂದಿತ್ತು, ಕೂದಲು ಹಿಂದೆ ಸರಿದಿತ್ತು, ಕೊರಳಲ್ಲಿ ಸೀಟಿ. ಈಗ ಅವನೇ ಆ ಶಾಲೆಯ ಪಿ.ಟಿ. ಮೇಷ್ಟ್ರು. ಇದನ್ನೂ ನಾನು ಕೇಳಿ ತಿಳಿದಿರಲಿಲ್ಲ, ಕೇಳಿಸಿಕೊಳ್ಳಬಾರದೆಂದೇ ಇದ್ದೆನಲ್ಲ.

"ಏನಪ್ಪ ರುದ್ರೇಶ" ಎಂದ. ಗುರುತು ಹಿಡಿಯಲು ಅವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಆಟದ ಕೋಣೆಯ ಬಾಗಿಲು ತೆಗೆದು ಕುರ್ಚಿ ಎಳೆದ. "ಕುಂತ್ಕ. ಟೀ ತರಿಸ್ತೀನಿ. ಅಮ್ಮ ಹೆಂಗದಾರೆ?"

"ಚೆನ್ನಾಗಿದಾರೆ. ಗುರುಶಾಂತಪ್ಪ ಸಾರ್?"

"ಹೋದ್ರಪ್ಪ, ಮೂರು ವರ್ಷ ಆತು. ಪುಸ್ತಕ ನಂಗೆ ಕೊಟ್ಟೋದ್ರು." ಮೇಜಿನ ಮೇಲೆ ಆ ಕೆಂಪು ರಟ್ಟಿನ ಪುಸ್ತಕವಿತ್ತು. ಹುಡುಗರು ಈಗಲೂ ಅದರ ಮುಂದೆ ಕೂರುತ್ತಾರಂತೆ, ಈಗಲೂ "ನಂದು ಸಾರ್" ಎನ್ನುತ್ತಾರಂತೆ.

ನಾನು ಸುತ್ತಿ ಬಳಸಲಿಲ್ಲ. ಅಷ್ಟು ವರ್ಷ ಬಾಯಲ್ಲಿಟ್ಟುಕೊಂಡ ಮಾತು ಅದು.

"ಅವತ್ತು ನೀನು ಕೂಗಿದ್ಯೋ ಇಲ್ವೋ, ಮೈಲಾರಿ?"

ಅವನು ಸೀಟಿಯ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಇಲ್ಲ ಎನ್ನುತ್ತಾನೆ ಎಂದುಕೊಂಡೆ.

"ಕೂಗಿದೆ" ಎಂದ.

ಹೊರಗೆ ಲಲಿತಮ್ಮ ಪೇಪರು ಹರಿಯುವ ಸದ್ದು ಕೇಳುತ್ತಿತ್ತು. ಅವನು ಉಳಿದದ್ದನ್ನು ತಾನಾಗಿಯೇ ಹೇಳಿದ. ಆ ಪಟ್ಟಣದ ಶಾಲೆಯ ಮೇಷ್ಟ್ರು ಆಯ್ಕೆಯವರಲ್ಲಿ ಒಬ್ಬರಿಗೆ ಬೇಕಾದವರು. ಸಮವಾದರೆ ಅವರ ತಂಡ ಉಳಿಯುತ್ತದೆ, ನಮಗೆ ನಷ್ಟವಿಲ್ಲ. ಬಿಟ್ಟುಕೊಟ್ಟರೆ ನಮ್ಮ ಶಾಲೆಯ ಕುರಿಗಾರರ ಹುಡುಗನನ್ನು ಹಾಸ್ಟೆಲಿಗೆ ಸೇರಿಸುವ ಹೊಣೆ ಅವರದ್ದು ಎಂದು ಮಾತಾಯಿತಂತೆ. ಗುರುಶಾಂತಪ್ಪನವರು ಇವನೊಬ್ಬನಿಗೇ ಹೇಳಿದರಂತೆ.

"ಸಾರ್ ನಂಗೆ ಹೇಳಿದ್ದು ಬ್ಯಾರೆ. ಚೆಂಡು ಕೈಯಿಂದ ಜಾರಿಸಿಬಿಡು, ನಿನ್ನ ಹೆಸ್ರು ಬರ್ಕಂತೀನಿ ಅಂದ್ರು" ಎಂದ ಮೈಲಾರಿ. "ನಂಗೆ ಹೆದ್ರಿಕೆ ಆತು. ಕೈ ಜಾರಿಸೋ ಗೋಲ್‌ಕೀಪರನ್ನ ಯಾರು ತಗಂತಾರೆ? ಉಳಿದಿಬ್ರು ಆಯ್ಕೆಯೋರು ನೋಡ್ತಾ ಇರ್ತಾರಲ್ಲ. ಅದಕ್ಕೆ ನಾನೇ ಯೋಚ್ನೆ ಮಾಡಿದೆ. ಸಾದಿಕ್ ಆಗಿದ್ರೆ ತಿರುಗಿ ನೋಡಿಬಿಡ್ತಿದ್ದ. ನೀನು ನೋಡಲ್ಲ ಅಂತ ಗೊತ್ತಿತ್ತು."

"ಸಾರಿಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ದೆ ಏನು. ಗೆರೆ ಪಕ್ಕದಾಗೆ ನಿಂತಿದ್ರು, ಕೇಳಿಸ್ಕಂಡಿದ್ರು. ಬರಿಯಾಕೆ ಯಾರದಾದ್ರೂ ಒಂದು ಹೆಸ್ರು ಬೇಕಿತ್ತಲ್ಲಪ್ಪ."

ನನ್ನ ಕಿವಿ ಸರಿಯಾಗಿತ್ತು. ಹದಿನೆಂಟು ವರ್ಷದ ಮೇಲೆ ಅದೊಂದು ಖಾತ್ರಿಯಾಯಿತು. ಹಗುರಾಗಬೇಕಿತ್ತು, ಆಗಲಿಲ್ಲ.

"ಈಗಿನ ಹುಡುಗ್ರಿಗೆ ನನ್ನ ಬಗ್ಗೆ ಏನಂತ ಹೇಳ್ತೀಯ?" ಎಂದು ಕೇಳಿದೆ.

ಅವನು ಮೊದಲ ಸಲ ನನ್ನ ಮುಖದಿಂದ ಕಣ್ಣು ತೆಗೆದ. "ಹಿಂದಿನವನ ಮಾತು ಕೇಳದೆ ಆಡಿದ್ರೆ ಹಿಂಗಾಗ್ತೈತೆ ಅಂತ ಹೇಳ್ತೀನಿ" ಎಂದ. ಆಮೇಲೆ ಅವಸರದಲ್ಲಿ, "ಬ್ಯಾಡ ಬಿಡು, ನಾಳಿದ್ದು ಪೇಂಟರನ್ನ ಕರೆಸ್ತೀನಿ. ನಿನ್ನ ಹೆಸ್ರು ಅಳಿಸಿಬಿಡ್ತೀನಿ."

"ಆ ಜಾಗದಲ್ಲಿ ಯಾರ ಹೆಸ್ರು ಬರಸ್ತೀಯ?"

ಮೇಜಿನ ಮೇಲಿನ ಪುಸ್ತಕವನ್ನು ಬದಿಗೆ ಸರಿಸಿದ. "ಖಾಲಿ ಬಿಡ್ತೀನಿ" ಎಂದ.

ಟೀ ಬಂತು. ಲಲಿತಮ್ಮನಿಗೂ ಪೊಲೀಸಿನವರಿಗೂ ಅವನೇ ಲೋಟ ಹಿಡಿದು ಕೊಟ್ಟು ಬಂದ. ನಾನು ಮತದಾರರ ಪಟ್ಟಿ ಬಿಡಿಸಿಕೊಂಡು ಕೂತೆ, ಒಂದು ಹೆಸರೂ ಕಣ್ಣಿಗೆ ಹತ್ತಲಿಲ್ಲ. ಕೂಗಿದ್ದೇ ನಿಜವಾದರೂ ಆ ಗಳಿಗೆಯಲ್ಲಿ ಹೆದರಿ ಸುಳ್ಳು ಹೇಳಿದ, ಹುಡುಗನಲ್ಲವೇ, ಎಂದು ಇಷ್ಟು ವರ್ಷ ಅವನ ಪರವಾಗಿ ನಾನೇ ನನ್ನೊಳಗೆ ವಾದ ಮಾಡಿದ್ದೆ. ಈಗ ಆ ವಾದಕ್ಕೂ ಜಾಗವಿರಲಿಲ್ಲ.

"ಸಾರ್ ನಿಂಗೆ ಯಾವಾಗ ಹೇಳಿದ್ದು?" ಎಂದು ಕೊನೆಗೆ ಕೇಳಿದೆ.

"ಹಿಂದಿನ ದಿನ. ಎರಡನೇ ಮ್ಯಾಚ್ ಮುಗಿತಲ್ಲ, ಆಗಲೇ" ಎಂದ. ಬೀಗದಕೈ ಮೇಜಿನ ಮೇಲಿಟ್ಟು ಸ್ಕೂಟರು ಹತ್ತಿ ಹೋದ.

ಮೂರನೇ ಪಂದ್ಯದ ಬೆಳಿಗ್ಗೆ ನನ್ನ ಬೂಟಿನ ಲೇಸು ತುಂಡಾಗಿತ್ತು. ನಾನು ಗಾಬರಿಯಲ್ಲಿ ಹಾಲಿನ ತುಂಬ ಹುಡುಕುತ್ತಿದ್ದೆ. ಮೈಲಾರಿ ನನ್ನನ್ನು ಕೂರಿಸಿ, ತನ್ನ ಬೂಟಿನಿಂದ ಲೇಸು ಬಿಚ್ಚಿ, ಮಂಡಿಯೂರಿ ನನ್ನ ಕಾಲಿಗೆ ತಾನೇ ಕಟ್ಟಿದ. ತನ್ನದಕ್ಕೆ ಚೀಲದ ದಾರ ಬಿಗಿದುಕೊಂಡ. "ನಂಗೇನು, ನಿಂತಲ್ಲೇ ನಿಂತಿರ್ತೀನಿ. ಓಡೋನು ನೀನು" ಎಂದ. ಆಗಲೇ ಅವನಿಗೆ ಗೊತ್ತಿತ್ತು.